ಒಂದು ಅಣು ದಪ್ಪದ ಹೊದಿಕೆ: ಖನಿಜ ಮೇಲ್ಮೈಯಲ್ಲಿ ಸಿಲೇನ್ ಏಕಪದರ ಕೂರಿಸುವ ಬಗೆ

ಸಿಲೇನ್ ಏಕಪದರವೆಂದರೆ ಗಾಜು, ಬೆಣಚುಕಲ್ಲು, ಅಭ್ರಕದಂಥ ಖನಿಜದ ಮೇಲ್ಮೈಯಲ್ಲಿ ಬೇರೂರಿ ನಿಂತ, ಒಂದೇ ಅಣುವಿನಷ್ಟು ದಪ್ಪದ ಸಾವಯವ ಹೊದಿಕೆ. ಗದ್ದೆಯಲ್ಲಿ ಪೈರು ನಿಂತಂತೆ ಅಣುಗಳು ಬುಡವನ್ನು ಕಲ್ಲಿಗೆ ಊರಿ, ತುದಿಯನ್ನು ಗಾಳಿಗೆ ಚಾಚಿ, ಒಂದಕ್ಕೊಂದು ಒತ್ತಾಗಿ ನಿಲ್ಲುತ್ತವೆ. ಇದಕ್ಕೆ ಹೆಚ್ಚಾಗಿ ಬಳಸುವುದು ಆಕ್ಟಡೆಸಿಲ್‌ಟ್ರೈಕ್ಲೋರೋಸಿಲೇನ್. ಪ್ರಯೋಗಾಲಯದ ಮಾತಿನಲ್ಲಿ ಓಟಿಎಸ್. ಇದು ಕಟ್ಟುವ ಪದರದ ದಪ್ಪ ಸುಮಾರು 2.5 ನ್ಯಾನೋಮೀಟರ್, ತಲೆಗೂದಲಿನ ದಪ್ಪದ ಇಪ್ಪತ್ತೈದು ಸಾವಿರದಲ್ಲಿ ಒಂದು ಪಾಲಿನಷ್ಟು. ಇಷ್ಟು ತೆಳುವಾದ ಪದರ ಕಲ್ಲಿನ ಸ್ವಭಾವವನ್ನೇ ತಿರುಗಿಸುತ್ತದೆ. ನೀರನ್ನು ಹರಡಿಕೊಳ್ಳುತ್ತಿದ್ದ ಗಾಜು ಅದನ್ನು ಹನಿಯಾಗಿ ನಿಲ್ಲಿಸುತ್ತದೆ, ಎಣ್ಣೆಯನ್ನು ಕೂಡ ಸುಲಭಕ್ಕೆ ಹರಡಗೊಡುವುದಿಲ್ಲ.

ದ್ರಾವಣದಲ್ಲಿ ಅದ್ದಿದ ಮಾತ್ರಕ್ಕೆ ಇಂಥ ಪದರ ತಾನಾಗಿ ಕೂಡಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿದ್ದ ವಿಲಿಯಂ ಜಿಸ್ಮನ್ ಮತ್ತು ಸಂಗಡಿಗರು 1946ರಲ್ಲಿ ವರದಿ ಮಾಡಿದ್ದರು. ಅವರು ಬಳಸಿದ್ದು ಸಿಲೇನ್ ಅಲ್ಲ, ಉದ್ದ ಸರಪಳಿಯ ಆಲ್ಕೊಹಾಲ್, ಆಮೈನ್‌ನಂಥ ಅಣುಗಳು. ಅವು ಮೇಲ್ಮೈಗೆ ಅಂಟಿದ್ದವೇ ಹೊರತು ಬೆಸೆದುಕೊಂಡಿರಲಿಲ್ಲ. ಗಾಜಿಗೆ ಬೆಸೆದು ನಿಲ್ಲುವ ಓಟಿಎಸ್ ಪದರವನ್ನು 1980ರಲ್ಲಿ ತೋರಿಸಿಕೊಟ್ಟವರು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಯಾಕೋಬ್ ಸಾಗಿವ್. ಮೂರು ವರ್ಷಗಳ ನಂತರ ಚಿನ್ನದ ಮೇಲೆ ಗಂಧಕದ ಅಣುಗಳನ್ನು ಕೂರಿಸುವ ವಿಧಾನ ಬಂದಿತು. ಅದು ಬಹಳ ಸಲೀಸಾದ ವಿಧಾನ. ಚಿನ್ನದ ಮೇಲೆ ಅಣುಗಳು ಅತ್ತಿತ್ತ ಸರಿದು ತಪ್ಪು ತಿದ್ದಿಕೊಳ್ಳುತ್ತವೆ. ಸಿಲೇನ್‌ಗೆ ಆ ಸೌಲಭ್ಯವಿಲ್ಲ. ಒಮ್ಮೆ ಬೆಸೆದ ಮೇಲೆ ಕೂತಲ್ಲೇ ಕೂರಬೇಕು, ವಕ್ರವಾಗಿ ಕೂತರೆ ವಕ್ರವಾಗಿಯೇ. ಒಂದೇ ಬಾಟಲಿಯ ಸಿಲೇನ್ ಒಂದು ದಿನ ಕನ್ನಡಿಯಂಥ ಪದರವನ್ನೂ ಮರುದಿನ ಬಿಳಿ ಹುಡಿಯನ್ನೂ ಕೊಡುವುದಕ್ಕೆ ಮೂಲ ಇಲ್ಲಿದೆ. ಕಾರಣ ಹುಡುಕುತ್ತ ಹೋದರೆ ಬಹುಪಾಲು ಸಲ ಸಿಗುವುದು ಒಂದೇ ವಸ್ತು: ನೀರು.

ತಲೆ, ಬಾಲ ಮತ್ತು ನೀರು

ಓಟಿಎಸ್ ಅಣುವಿನಲ್ಲಿ ಒಂದು ಸಿಲಿಕಾನ್ ತಲೆ, ಅದಕ್ಕೆ ಅಂಟಿದ ಮೂರು ಕ್ಲೋರಿನ್ ಪರಮಾಣುಗಳು, ಮತ್ತು 18 ಇಂಗಾಲಗಳ ಉದ್ದನೆಯ ಬಾಲ ಇರುತ್ತವೆ. ಕ್ಲೋರಿನ್ ನೇರವಾಗಿ ಕಲ್ಲಿನೊಂದಿಗೆ ಕೂಡಿಕೊಳ್ಳುತ್ತದೆ ಎಂದು ಹಳೆಯ ಪಠ್ಯಗಳ ಚಿತ್ರಗಳು ತೋರಿಸುವುದುಂಟು. ನಡೆಯುವುದು ಬೇರೆ. ಮಾಮೂಲಿ ಗಾಳಿಯಲ್ಲಿರುವ ಯಾವುದೇ ಶುದ್ಧ ಗಾಜಿನ ಮೇಲೂ ಕೆಲವೇ ಅಣುಗಳಷ್ಟು ದಪ್ಪದ ನೀರಿನ ಪೊರೆ ಸದಾ ಇರುತ್ತದೆ. ಸಿಲೇನ್ ಅಣು ಮೊದಲು ತಲುಪುವುದು ಈ ಪೊರೆಯನ್ನು. ಅಲ್ಲಿ ನೀರು ಮೂರು ಕ್ಲೋರಿನ್‌ಗಳನ್ನೂ ಕಿತ್ತು ಆ ಜಾಗದಲ್ಲಿ ಹೈಡ್ರಾಕ್ಸಿಲ್ ಗುಂಪುಗಳನ್ನು ಕೂರಿಸುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಹೊರಬೀಳುತ್ತದೆ. ಹೀಗೆ ಬದಲಾದ ಅಣುಗಳು ಪೊರೆಯ ಮೇಲೆ ತೇಲುತ್ತ, ಬಾಲಕ್ಕೆ ಬಾಲ ಒತ್ತರಿಸಿ ನೆಟ್ಟಗೆ ನಿಲ್ಲುತ್ತವೆ. ಆಮೇಲಷ್ಟೇ ಪಕ್ಕದ ತಲೆಗಳು ನೀರು ಕಳೆದುಕೊಂಡು ಆಮ್ಲಜನಕದ ಸೇತುವೆಯಿಂದ ಪರಸ್ಪರ ಬೆಸೆದುಕೊಳ್ಳುತ್ತವೆ. ನಡುನಡುವೆ ಕೆಲವು ಕಲ್ಲಿನ ಹೈಡ್ರಾಕ್ಸಿಲ್‌ಗಳಿಗೂ ಬೆಸೆಯುತ್ತವೆ.

ಪೂರ್ಣ ಹೈಡ್ರಾಕ್ಸಿಲ್ ತುಂಬಿದ ಸಿಲಿಕಾ ಮೇಲ್ಮೈಯ ಪ್ರತಿ ಚದರ ನ್ಯಾನೋಮೀಟರಿನಲ್ಲಿ ಸುಮಾರು 4.9 ಹೈಡ್ರಾಕ್ಸಿಲ್‌ಗಳಿರುತ್ತವೆ. ನೆಟ್ಟಗೆ ನಿಂತ ಒಂದು ಇಂಗಾಲದ ಸರಪಳಿಗೆ ಬೇಕಾದ ಜಾಗ 0.2 ಚದರ ನ್ಯಾನೋಮೀಟರ್, ಅಂದರೆ ಅಷ್ಟೇ ಜಾಗದಲ್ಲಿ ಸುಮಾರು 5 ಸರಪಳಿ. ಎರಡೂ ಅಂಕಿ ಹೊಂದಿಕೊಂಡಿರುವುದನ್ನು ನೋಡಿ ಪ್ರತಿ ಹೈಡ್ರಾಕ್ಸಿಲ್‌ಗೂ ಒಂದೊಂದು ಸಿಲೇನ್ ಬೆಸೆದಿದೆ ಎಂದುಕೊಳ್ಳಬಾರದು. ಬಹಳಷ್ಟು ಅಣುಗಳು ಕಲ್ಲಿಗಿಂತ ತಮ್ಮ ನೆರೆಯವರಿಗೇ ಹೆಚ್ಚು ಗಂಟುಬಿದ್ದಿರುತ್ತವೆ. ಪದರ ಬಲೆಯಂತೆ ಮೇಲೆ ಹಾಸಿದ್ದು, ಅಲ್ಲಲ್ಲಿ ಮೊಳೆ ಹೊಡೆದಿದೆ ಎಂದು ಭಾವಿಸಿದರೆ ನಿಜಕ್ಕೆ ಹತ್ತಿರ.

ಹೀಗಾಗಿ ನೀರು ಇಲ್ಲದಿದ್ದರೆ ಕೆಲಸ ಸಾಗುವುದಿಲ್ಲ. ಅಪ್ಪಟ ಒಣ ಗಾಜನ್ನು ಅಪ್ಪಟ ಒಣ ದ್ರಾವಣದಲ್ಲಿ ಅದ್ದಿದರೆ ಪದರ ಹರಕುಮುರುಕಾಗಿ ಉಳಿಯುತ್ತದೆ. ನೀರು ಹೆಚ್ಚಾದರೆ ಅಣುಗಳು ಗಾಜು ತಲುಪುವ ಮೊದಲೇ ದ್ರಾವಣದಲ್ಲಿ ಪರಸ್ಪರ ಬೆಸೆದು ಉಂಡೆಕಟ್ಟಿ, ಬಿಳಿ ಕಣಗಳಾಗಿ ಗಾಜಿನ ಮೇಲೆ ಕೂರುತ್ತವೆ. ನೀರು ಇರಬೇಕಾದದ್ದು ಗಾಜಿನ ಮೇಲೆ, ದ್ರಾವಣದಲ್ಲಲ್ಲ. ಮುಂದೆ ಹೇಳುವ ಹೆಚ್ಚಿನ ಹಂತಗಳೆಲ್ಲ ಈ ಒಂದು ನಿಯಮ ಪಾಲಿಸುವ ಉಪಾಯಗಳು.

ಯಾವ ಖನಿಜ ಒಪ್ಪುತ್ತದೆ

ಸಿಲೇನ್ ಎಲ್ಲ ಕಲ್ಲಿಗೂ ಹಿಡಿಯುವುದಿಲ್ಲ. ಮೇಲ್ಮೈಯಲ್ಲಿ ಹೈಡ್ರಾಕ್ಸಿಲ್ ಇರಬೇಕು, ಬೆಸುಗೆ ನೀರಿಗೆ ಬಿಟ್ಟುಕೊಡದಂತಿರಬೇಕು. ಬೆಣಚುಕಲ್ಲು, ಕರಗಿಸಿ ತೆಗೆದ ಸಿಲಿಕಾ ಗಾಜು, ಬೋರೋಸಿಲಿಕೇಟ್ ಗಾಜು, ಆಕ್ಸೈಡ್ ಕಟ್ಟಿದ ಸಿಲಿಕಾನ್ ಬಿಲ್ಲೆ ಇವು ಉತ್ತಮ. ಸಿಲಿಕಾನ್ ಬಿಲ್ಲೆ ಖನಿಜವಲ್ಲದಿದ್ದರೂ ಅದರ ಮೇಲೆ ತಾನಾಗಿ ಬೆಳೆಯುವ ಒಂದೆರಡು ನ್ಯಾನೋಮೀಟರ್ ಆಕ್ಸೈಡ್ ಬೆಣಚುಕಲ್ಲಿನ ಗುಣವನ್ನೇ ತೋರಿಸುತ್ತದೆ, ಹೊಳಪಿನಲ್ಲಿ ಅದನ್ನು ಮೀರಿಸುವ ಮೇಲ್ಮೈ ಅಗ್ಗಕ್ಕೆ ಸಿಗುವುದಿಲ್ಲ. ಕಲಿಯುವವರಿಗೆ ಮೊದಲ ಪ್ರಯೋಗಕ್ಕೆ ಇದೇ ವಾಸಿ. ಸೂಕ್ಷ್ಮದರ್ಶಕದ ಮಾಮೂಲಿ ಸ್ಲೈಡುಗಳು ಸೋಡಾ-ಸುಣ್ಣದ ಗಾಜಿನವು. ಹಳೆಯದಾದಷ್ಟೂ ಸೋಡಿಯಂ ಮೇಲ್ಮೈಗೆ ಒಸರಿ ಪದರ ಕೆಡಿಸುತ್ತದೆ. ಹೊಸ ಪೊಟ್ಟಣ ಒಡೆದು ಬಳಸುವುದು ಒಳ್ಳೆಯದು.

ಅಲ್ಯುಮಿನಾ ಮತ್ತು ಟೈಟಾನಿಯಂ ಆಕ್ಸೈಡುಗಳ ಮೇಲೂ ಸಿಲೇನ್ ಕೂರುತ್ತದೆ. ಆದರೆ ಅಲ್ಲಿ ಫಾಸ್ಫೋನಿಕ್ ಆಮ್ಲದ ಅಣುಗಳು ಇನ್ನೂ ಗಟ್ಟಿಯಾಗಿ ಹಿಡಿಯುತ್ತವೆ. ಕಬ್ಬಿಣದ ಆಕ್ಸೈಡಿನ ಮೇಲಿನ ಬೆಸುಗೆ ನೀರಿನಲ್ಲಿ ಬೇಗ ಸಡಿಲಾಗುತ್ತದೆ.

ಕಾಗೆಬಂಗಾರ ಎಂದು ಹಳ್ಳಿಗಳಲ್ಲಿ ಕರೆಯುವ ಅಭ್ರಕದ ಕಥೆ ಸ್ವಾರಸ್ಯಕರ. ಅಂಟುಪಟ್ಟಿಯಿಂದ ಒಂದು ಹಾಳೆ ಎಬ್ಬಿಸಿದರೆ ಅದರಡಿ ಪರಮಾಣು ಮಟ್ಟದಲ್ಲಿ ಸಪಾಟಾದ, ತೊಳೆಯಲೂ ಬೇಕಿಲ್ಲದ ಮೇಲ್ಮೈ ಸಿಗುತ್ತದೆ. ಅಷ್ಟು ಸಪಾಟಾದದ್ದು ಬೇರೆಲ್ಲೂ ಇಷ್ಟು ಸುಲಭಕ್ಕೆ ದೊರೆಯದು. ಆದರೆ ಸೀಳಿದ ಆ ಮುಖದಲ್ಲಿ ಹೈಡ್ರಾಕ್ಸಿಲ್‌ಗಳು ಇಲ್ಲವೆನ್ನುವಷ್ಟು ವಿರಳ. ಆಮ್ಲಜನಕದ ಷಡ್ಭುಜಗಳು, ಅವುಗಳ ಗುಳಿಯಲ್ಲಿ ಪೊಟ್ಯಾಸಿಯಂ ಅಯಾನುಗಳು ಮಾತ್ರ ಇರುತ್ತವೆ. ಅಲ್ಲಿ ಸಿಲೇನ್ ಪದರ ಕಟ್ಟಿಕೊಂಡರೂ ಮೊಳೆಯಿಲ್ಲದ ಬಲೆ ಅದು; ನೀರಿನಲ್ಲಿ ಬಹಳ ದಿನ ಬಾಳುವುದಿಲ್ಲ. ಗಟ್ಟಿ ಪದರ ಬೇಕಾದರೆ ನೀರಾವಿ ಬೆರೆಸಿದ ಪ್ಲಾಸ್ಮಾದಿಂದ ಮೊದಲು ಅಭ್ರಕದ ಮೇಲೆ ಹೈಡ್ರಾಕ್ಸಿಲ್‌ಗಳನ್ನು ಮೂಡಿಸಬೇಕು. ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್ ಕೂಡ ಇದೇ ಜಾತಿ: ಹಾಳೆಯ ಮುಖ ನಿರ್ಲಿಪ್ತ, ಅಂಚಿನಲ್ಲಷ್ಟೇ ಹೈಡ್ರಾಕ್ಸಿಲ್.

ಸುಣ್ಣಕಲ್ಲು, ಅಮೃತಶಿಲೆಗಳಿಗೆ ಓಟಿಎಸ್ ಮುಟ್ಟಿಸಲೇಬಾರದು. ಅವುಗಳ ಕ್ಯಾಲ್ಸೈಟಿನೊಂದಿಗೆ ಸಿಲೇನ್ ಸರಿಯಾಗಿ ಬೆಸೆಯುವುದಿಲ್ಲ. ಜೊತೆಗೆ ಹೊರಬೀಳುವ ಹೈಡ್ರೋಕ್ಲೋರಿಕ್ ಆಮ್ಲ ಕಲ್ಲನ್ನು ನೊರೆಗರೆಸಿ ತಿನ್ನುತ್ತದೆ. ಕ್ಯಾಲ್ಸೈಟಿಗೆ ಒಗ್ಗುವುದು ಸ್ಟಿಯರಿಕ್ ಆಮ್ಲದಂಥ ಕೊಬ್ಬಿನಾಮ್ಲಗಳು. ಪ್ಲಾಸ್ಟಿಕ್ಕಿಗೆ ಬೆರೆಸುವ ಸುಣ್ಣಕಲ್ಲಿನ ಪುಡಿಗೆ ಕೈಗಾರಿಕೆಯಲ್ಲಿ ಹಚ್ಚುವುದೂ ಅದನ್ನೇ. ಗ್ರಾನೈಟಿನಂಥ ಮಿಶ್ರ ಕಲ್ಲಿನ ಒಂದೇ ತುಂಡಿನಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಮೂರೂ ಇರುವುದರಿಂದ ಪದರವೂ ತೇಪೆತೇಪೆಯಾಗಿ ಕೂರುತ್ತದೆ. ಇಲ್ಲೊಂದು ಮಾತು: ಕಟ್ಟಡದ ಕಲ್ಲು ನೀರು ಹೀರದಂತೆ ಮಾಡಲು ಮಾರುವ ಸಿಲೇನ್ ದ್ರವಗಳು ಏಕಪದರ ಕಟ್ಟುವುದಿಲ್ಲ. ಅವು ಕಲ್ಲಿನ ರಂಧ್ರಗಳೊಳಗೆ ಇಳಿದು ಅಲ್ಲಿ ರಾಳದಂತೆ ಹೆಪ್ಪುಗಟ್ಟುತ್ತವೆ, ಮತ್ತೆ ತೆಗೆಯಲು ಬಾರದು. ಹಳೆಯ ಗುಡಿ, ವೀರಗಲ್ಲು, ಶಾಸನಗಳ ಮೇಲೆ ಇದನ್ನು ಪ್ರಯೋಗಿಸಿ ನೋಡುವ ಉತ್ಸಾಹ ಯಾರಿಗೂ ಬರಬಾರದು.

ತೊಳೆಯುವ ಹಂತ

ಗಾಜಿನ ಮೇಲೆ ಬೆರಳಿನ ಎಣ್ಣೆ, ಗಾಳಿಯ ಧೂಳು, ಸಾಬೂನಿನ ಶೇಷ ಯಾವುದಿದ್ದರೂ ಆ ಜಾಗದಲ್ಲಿ ಪದರ ಕೂರುವುದಿಲ್ಲ. ಮೊದಲು ಮಾರ್ಜಕ, ಬಳಿಕ ಶುದ್ಧ ನೀರು, ಅಸಿಟೋನ್, ಎಥನಾಲ್ ಹೀಗೆ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಐದೈದು ನಿಮಿಷ ತೊಳೆಯುವುದು ವಾಡಿಕೆ. ಇದು ಕೊಳೆ ತೆಗೆಯುತ್ತದೆ, ಹೈಡ್ರಾಕ್ಸಿಲ್ ಮೂಡಿಸುವುದಿಲ್ಲ. ಅದಕ್ಕೆ ಇನ್ನೊಂದು ಹಂತ ಬೇಕು.

ಪ್ರಬಂಧಗಳಲ್ಲಿ ಪದೇ ಪದೇ ಕಾಣುವ ಹೆಸರು ಪಿರಾನ್ಹಾ ದ್ರಾವಣ: ಮೂರು ಪಾಲು ಸಾಂದ್ರ ಗಂಧಕಾಮ್ಲ, ಒಂದು ಪಾಲು ಶೇ. 30ರ ಹೈಡ್ರೋಜನ್ ಪೆರಾಕ್ಸೈಡ್. ಮಾಂಸ ಕಿತ್ತು ತಿನ್ನುವ ಮೀನಿನ ಹೆಸರು ಅದಕ್ಕೆ ಸುಮ್ಮನೆ ಬಂದಿಲ್ಲ. ಬೆರೆಸುತ್ತಿದ್ದಂತೆಯೇ ಅದು ನೂರು ಡಿಗ್ರಿಯ ಆಸುಪಾಸಿಗೆ ಕಾಯುತ್ತದೆ, ಸಾವಯವ ವಸ್ತುವನ್ನು ಸುಟ್ಟು ಅನಿಲವಾಗಿಸುತ್ತದೆ. ಮುಂಚಿನ ಹಂತದ ಅಸಿಟೋನ್ ಗಾಜಿನ ಮೇಲೆ ಉಳಿದಿದ್ದರೆ ಸ್ಫೋಟವಾಗಬಹುದು. ಮುಚ್ಚಳ ಬಿಗಿದ ಬಾಟಲಿಯಲ್ಲಿ ಇಟ್ಟರೆ ಬಾಟಲಿಯೇ ಸಿಡಿಯುತ್ತದೆ. ಪೆರಾಕ್ಸೈಡನ್ನು ಆಮ್ಲಕ್ಕೆ ನಿಧಾನವಾಗಿ ಸೇರಿಸಬೇಕೇ ಹೊರತು ಆಮ್ಲವನ್ನು ಪೆರಾಕ್ಸೈಡಿಗೆ ಸುರಿಯಬಾರದು. ಹೊಗೆಗೂಡು, ಮುಖಕ್ಕೆ ಪೂರ್ಣ ಕವಚ, ಆಮ್ಲ ತಡೆಯುವ ಉದ್ದ ಕೈಗವಸು, ಏಪ್ರನ್ ಇವುಗಳಲ್ಲಿ ಒಂದಿಲ್ಲದಿದ್ದರೂ ಈ ದಾರಿ ಹಿಡಿಯುವಂತಿಲ್ಲ. ಕಾಲೇಜು ಪ್ರಯೋಗಾಲಯಕ್ಕೆ ಇದು ಸರಿಯಾದ ವಸ್ತುವೇ ಅಲ್ಲ.

ಅದೇ ಫಲವನ್ನು ಅಷ್ಟು ಅಪಾಯವಿಲ್ಲದೆ ಕೊಡುವುದು ಅತಿನೇರಳೆ-ಓಜೋನ್ ಪೆಟ್ಟಿಗೆಯಲ್ಲಿ 15-30 ನಿಮಿಷ, ಇಲ್ಲವೇ ಆಮ್ಲಜನಕ ಪ್ಲಾಸ್ಮಾದಲ್ಲಿ ಕೆಲವು ನಿಮಿಷ. ಅಮೋನಿಯ, ಪೆರಾಕ್ಸೈಡ್, ನೀರು 1:1:5ರ ಪ್ರಮಾಣದಲ್ಲಿ ಬೆರೆಸಿ 75-80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ನಿಮಿಷ ಇಡುವ ವಿಧಾನವೂ ಇದೆ. ಸಿಲಿಕಾನ್ ಚಿಪ್ ಉದ್ಯಮಕ್ಕಾಗಿ 1965ರಲ್ಲಿ ವರ್ನರ್ ಕೆರ್ನ್ ರೂಪಿಸಿದ್ದು.

ಗಾಜು ತಯಾರಾಗಿದೆಯೇ ಎಂದು ತಿಳಿಯಲು ಉಪಕರಣ ಬೇಡ. ನೀರಿನಲ್ಲಿ ಅದ್ದಿ ಎತ್ತಿದಾಗ ನೀರು ಎಲ್ಲೂ ಒಡೆಯದೆ ಒಂದೇ ಹಾಳೆಯಾಗಿ ಇಳಿಯಬೇಕು. ಒಂದು ಕಡೆ ಹನಿಗಟ್ಟಿದರೂ ತೊಳೆತ ಸಾಲದು. ಬಳಿಕ ಶುದ್ಧ ಸಾರಜನಕದ ಗಾಳಿಯಿಂದ ಕಣ್ಣಿಗೆ ಕಾಣುವ ನೀರನ್ನಷ್ಟೇ ಹಾರಿಸಬೇಕು. ಪೊರೆಯೂ ಹೋಗಲಿ ಎಂದು ಒಲೆಯಲ್ಲಿ ಹುರಿಯಬಾರದು. ಬಹಳ ಕಾಯಿಸಿದರೆ ಹೈಡ್ರಾಕ್ಸಿಲ್‌ಗಳೇ ಜೋಡಿಜೋಡಿಯಾಗಿ ನೀರು ಬಿಟ್ಟು ಮಾಯವಾಗುತ್ತವೆ. ತೊಳೆದ ಗಾಜು ಗಾಳಿಯ ಕೊಳೆಯನ್ನು ತಾಸುಗಟ್ಟಲೆಯಲ್ಲಿ ಎಳೆದುಕೊಳ್ಳುವುದರಿಂದ ನೇರ ದ್ರಾವಣಕ್ಕೇ ಹೋಗಬೇಕು.

ದ್ರಾವಣ: ಎಷ್ಟು ಸಾಕು

ಇಲ್ಲಿ ಎಲ್ಲರೂ ಮಾಡುವ ತಪ್ಪು ಸಿಲೇನ್ ಹೆಚ್ಚು ಹಾಕುವುದು. ಲೆಕ್ಕ ಸರಳ. ಒಂದು ಚದರ ಮೀಟರ್ ಗಾಜಿಗೆ ಪೂರ್ಣ ಪದರ ಹೊದಿಸಲು ಬೇಕಾದ ಓಟಿಎಸ್ ಸುಮಾರು 3 ಮಿಲಿಗ್ರಾಂ. 25×75 ಮಿಲಿಮೀಟರಿನ ಸ್ಲೈಡಿನ ಎರಡೂ ಮುಖಕ್ಕೆ ಸೇರಿ ಒಂದು ಮಿಲಿಗ್ರಾಮಿನ ಎಂಬತ್ತರಲ್ಲಿ ಒಂದು ಪಾಲು ಸಾಕು. ನೂರು ಮಿಲಿಲೀಟರ್ ದ್ರಾವಣಕ್ಕೆ 40 ಮೈಕ್ರೋಲೀಟರ್ ಓಟಿಎಸ್ ಸೇರಿಸಿದರೆ ಒಂದು ಮಿಲಿಮೋಲಾರ್ ಆಗುತ್ತದೆ. ಅದೇ ಅಗತ್ಯದ ಮೂರು ಸಾವಿರ ಪಟ್ಟು. ಅದಕ್ಕಿಂತ ಹೆಚ್ಚು ಹಾಕಿದರೆ ಬೆಳೆಯುವುದು ಪದರವಲ್ಲ, ಉಂಡೆ.

ಪುಡಿಯ ವಿಷಯದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಕ್ರೊಮಟೋಗ್ರಫಿಯ ಸಿಲಿಕಾ ಜೆಲ್‌ನ ಒಂದು ಗ್ರಾಮಿನಲ್ಲಿ 300 ಚದರ ಮೀಟರ್ ಮೇಲ್ಮೈ ಇರುವುದು ಸಾಮಾನ್ಯ. ಅದಕ್ಕೆ ಹೆಚ್ಚುಕಡಿಮೆ ಪುಡಿಯ ತೂಕದಷ್ಟೇ ಸಿಲೇನ್ ಒದಗಿಸಬೇಕಾಗುತ್ತದೆ, ಕಿರಿದಾದ ರಂಧ್ರಗಳೊಳಗೆ ಅದರ ಅರ್ಧದಷ್ಟು ಮಾತ್ರ ಹಿಡಿದರೂ.

ದ್ರಾವಕವಾಗಿ ಟಾಲ್ವೀನ್, ಹೆಕ್ಸಡೆಕೇನ್ ಬಳಕೆಯಲ್ಲಿವೆ. ಟಾಲ್ವೀನ್ ಕೋಣೆಯ ತಾಪದಲ್ಲಿ ಲೀಟರಿಗೆ ಸುಮಾರು ಅರ್ಧ ಗ್ರಾಂ ನೀರನ್ನು ಕರಗಿಸಿಟ್ಟುಕೊಳ್ಳಬಲ್ಲದು. ಅಷ್ಟು ನೀರು ಒಂದು ಮಿಲಿಮೋಲಾರ್ ಓಟಿಎಸ್‌ನ ಕ್ಲೋರಿನ್‌ಗಳನ್ನೆಲ್ಲ ಕಿತ್ತು ಹಾಕಲು ಬೇಕಾದ ನೀರಿನ ಸುಮಾರು ಒಂಬತ್ತು ಪಟ್ಟು. ಮುಚ್ಚಳ ತೆಗೆದು ವಾರಗಟ್ಟಲೆ ಇಟ್ಟ ಟಾಲ್ವೀನಿನಲ್ಲಿ ಪದರ ಏಕೆ ಕೆಡುತ್ತದೆ ಎಂಬುದಕ್ಕೆ ಇಷ್ಟೇ ಉತ್ತರ. ಆಣ್ವಿಕ ಜರಡಿಯ ಗುಳಿಗೆಗಳನ್ನು ಕಾಯಿಸಿ ಒಣಗಿಸಿ, ದ್ರಾವಕದೊಳಗೆ ಒಂದೆರಡು ದಿನ ಹಾಕಿಟ್ಟರೆ ತೊಂದರೆ ತಪ್ಪುತ್ತದೆ. ಓಟಿಎಸ್ ಬಾಟಲಿಯಿಂದ ದ್ರವವನ್ನು ಒಣ ಸಿರಿಂಜಿನಲ್ಲಿ, ರಬ್ಬರ್ ಬಿರಡೆಯ ಮೂಲಕ, ಸಾರಜನಕ ತುಂಬುತ್ತ ತೆಗೆಯಬೇಕು. ಬಾಟಲಿಯ ಕತ್ತಿನಲ್ಲಿ ಬಿಳಿ ಹೆಕ್ಕಳೆ ಕಂಡರೆ ತೇವ ಒಳಹೊಕ್ಕಿದೆ ಎಂದರ್ಥ. ತಂಪು ಕೊಠಡಿಯಲ್ಲಿ ಓಟಿಎಸ್ ಗಡ್ಡೆಗಟ್ಟುವುದೂ ಉಂಟು. ಅದು ಕೆಟ್ಟ ಲಕ್ಷಣವಲ್ಲ, ಅಂಗೈ ಬಿಸಿಗೆ ಕರಗುತ್ತದೆ.

ಪಾತ್ರೆಯ ಆಯ್ಕೆಯೂ ಗಮನಿಸಬೇಕಾದದ್ದು. ಗಾಜಿನ ಬೀಕರ್ ಕೂಡ ಸಿಲಿಕಾವೇ ಆದ್ದರಿಂದ ಅದಕ್ಕೂ ಪದರ ಕೂರುತ್ತದೆ, ಆಮೇಲೆ ಆ ಬೀಕರಿನಲ್ಲಿ ನೀರು ಗೋಡೆಗೆ ಅಂಟುವುದಿಲ್ಲ. ಅದನ್ನು ಗುರುತು ಹಾಕಿ ಸಿಲೇನ್‌ಗೇ ಮೀಸಲಿಡಬೇಕು, ಅಥವಾ ಟೆಫ್ಲಾನ್ ಪಾತ್ರೆ ಬಳಸಬೇಕು. ಪಾಲಿಸ್ಟೈರೀನ್ ಪೆಟ್ರಿ ತಟ್ಟೆಗೆ ಟಾಲ್ವೀನ್ ಸುರಿದರೆ ತಟ್ಟೆ ಕರಗಿ ಮೇಜಿಗೆ ಅಂಟುತ್ತದೆ.

'ಕೋಣೆಯ ತಾಪ' ಎಂಬ ಗುಂಡಿ

18 ಇಂಗಾಲದ ಸರಪಳಿಗೆ ಸುಮಾರು 28 ಡಿಗ್ರಿ ಸೆಲ್ಸಿಯಸ್ ಒಂದು ಗಡಿ ಎಂದು ಪ್ಯಾರಿಸ್ಸಿನ ರೋಂಡ್ಲೇ ಮತ್ತು ಸಂಗಡಿಗರು 1990ರ ದಶಕದಲ್ಲಿ ತೋರಿಸಿದರು. ಆ ಗಡಿಯ ಕೆಳಗೆ ಅಣುಗಳು ದ್ವೀಪಗಳಾಗಿ ಒಟ್ಟುಗೂಡಿ, ನೆಟ್ಟಗೆ ನಿಂತು, ದ್ವೀಪಗಳು ಬೆಳೆದು ಒಂದಾಗುತ್ತವೆ. ಮೇಲೆ ಹೋದರೆ ಬಾಲಗಳು ಸೊಟ್ಟಸೊಟ್ಟಾಗಿ ಚೆಲ್ಲಿಕೊಂಡೇ ಮೇಲ್ಮೈ ತುಂಬುತ್ತವೆ. ಅಂಥ ಪದರ ತೆಳು, ಗುಣದಲ್ಲೂ ಕಡಿಮೆ. ಸರಪಳಿ ಚಿಕ್ಕದಾದಷ್ಟೂ ಗಡಿ ಕೆಳಗಿಳಿಯುತ್ತದೆ.

ಚಳಿದೇಶಗಳಿಂದ ಬಂದ ಪ್ರಬಂಧದಲ್ಲಿ 'ಕೋಣೆಯ ತಾಪದಲ್ಲಿ' ಎಂದಿದ್ದರೆ ಅದು 20-22 ಡಿಗ್ರಿ. ಮೇ ತಿಂಗಳ ಮಂಗಳೂರಿನಲ್ಲೋ ಕಲಬುರಗಿಯಲ್ಲೋ ಹವಾನಿಯಂತ್ರಣವಿಲ್ಲದ ಕೋಣೆಯ ತಾಪ ಆ ಗಡಿಯನ್ನು ಲೀಲಾಜಾಲವಾಗಿ ದಾಟಿರುತ್ತದೆ. ಪ್ರಬಂಧದ ವಿಧಾನವನ್ನು ಅಕ್ಷರಶಃ ಪಾಲಿಸಿಯೂ ಪದರ ಕೈಕೊಡುವುದಕ್ಕೆ ಇದೊಂದು ಕಡೆಗಣಿಸಲ್ಪಟ್ಟ ಕಾರಣ. ಪಾತ್ರೆಯನ್ನು ಐಸ್ ಬೆರೆಸಿದ ನೀರಿನ ಬೋಗುಣಿಯಲ್ಲಿಟ್ಟು 18-20 ಡಿಗ್ರಿಗೆ ತಂದರೆ ಸಾಕು. ಮುಚ್ಚಳ ಬಿಗಿಯಾಗಿರಲಿ, ಇಲ್ಲದಿದ್ದರೆ ತಣ್ಣನೆಯ ಟಾಲ್ವೀನ್ ಗಾಳಿಯ ತೇವವನ್ನು ಕುಡಿಯುತ್ತದೆ. ಗಾಳಿಯ ಆರ್ದ್ರತೆ ಶೇ. 40-50ರ ಹತ್ತಿರವಿರುವ ದಿನ ಕೆಲಸ ಹದವಾಗಿ ಸಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಸಾರಜನಕ ತುಂಬಿದ ಕೈಗವಸಿನ ಚೀಲದೊಳಗೆ ಮಾಡದೆ ಬೇರೆ ದಾರಿಯಿಲ್ಲ.

ಅದ್ದುವ ಅವಧಿ ಅರ್ಧ ಗಂಟೆಯಿಂದ ಎರಡು ಗಂಟೆ. ರಾತ್ರಿಯಿಡೀ ಬಿಟ್ಟರೆ ಪದರ ಉತ್ತಮವಾಗುತ್ತದೆ ಎಂಬ ನಂಬಿಕೆ ಇದೆ. ದ್ರಾವಣ ಕಟ್ಟುನಿಟ್ಟಾಗಿ ಒಣಗಿದ್ದರೆ ಅದರಿಂದ ಕೆಡುಕಿಲ್ಲ, ಇಲ್ಲದಿದ್ದರೆ ಬೆಳಗ್ಗೆ ಕಾಣುವುದು ಮಬ್ಬು ಹಿಡಿದ ಗಾಜು. ಸ್ಲೈಡನ್ನು ಮಲಗಿಸದೆ ನಿಲ್ಲಿಸಿ ಅದ್ದಬೇಕು, ಆಗ ತಳಕ್ಕಿಳಿಯುವ ಕಣಗಳು ಮುಖದ ಮೇಲೆ ಕೂರುವುದಿಲ್ಲ.

ತೆಗೆದ ತಕ್ಷಣ ಒಣಗಗೊಡದೆ ಶುದ್ಧ ಟಾಲ್ವೀನಿನಲ್ಲಿ ಎರಡು ಮೂರು ಬಾರಿ ಜಾಲಾಡಿಸಬೇಕು, ಬಳಿಕ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಕೆಲವು ನಿಮಿಷ, ಕೊನೆಗೆ ಎಥನಾಲ್. ಮೊದಲೇ ನೀರಿಗೆ ಹಾಕಿದರೆ ಅಂಟಿಕೊಂಡಿದ್ದ ಹೆಚ್ಚುವರಿ ಸಿಲೇನ್ ಅಲ್ಲೇ ಉಂಡೆಗಟ್ಟಿ ಶಾಶ್ವತವಾಗಿ ಉಳಿಯುತ್ತದೆ. ನಂತರ 100-120 ಡಿಗ್ರಿ ಒಲೆಯಲ್ಲಿ ಹತ್ತರಿಂದ ಮೂವತ್ತು ನಿಮಿಷ ಕಾಯಿಸಿದರೆ ಬಾಕಿ ಬೆಸುಗೆಗಳು ಪೂರ್ಣಗೊಳ್ಳುತ್ತವೆ. ಕಾಯಿಸುವುದು ಜಾಲಾಡಿಸಿದ ಮೇಲೆ, ಮುಂಚೆಯಲ್ಲ. ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯಬಾರದು. ಹೊಗೆಗೂಡಿನಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹನಿಹನಿಯಾಗಿ ಸೇರಿಸಿ ಶಮನಗೊಳಿಸಿ, ಅನಿಲ ಹೊರಡುವುದು ನಿಂತ ಮೇಲೆ ಸಾವಯವ ತ್ಯಾಜ್ಯಕ್ಕೆ ಹಾಕಬೇಕು.

ಹನಿಯ ಎತ್ತರ ನೋಡಿ ಅಳೆಯುವುದು

ಹೆಕ್ಸಡೆಕೇನ್ ದ್ರಾವಣದಿಂದ ಎತ್ತುವಾಗಲೇ ಮೊದಲ ಸುಳಿವು ಸಿಗುತ್ತದೆ: ಪದರ ಪೂರ್ಣವಾಗಿದ್ದರೆ ಗಾಜು ಎಣ್ಣೆಯಂಥ ಆ ದ್ರವದಿಂದ ಒಣಗಿಯೇ ಹೊರಬರುತ್ತದೆ. ಅಂಕಿಯಲ್ಲಿ ಹೇಳಲು ಸಂಪರ್ಕ ಕೋನ ಬೇಕು, ಅಂದರೆ ಹನಿಯ ಅಂಚು ಗಾಜಿನೊಂದಿಗೆ ಮಾಡುವ ಕೋನ. ಒಳ್ಳೆಯ ಓಟಿಎಸ್ ಪದರದ ಮೇಲೆ ನೀರಿಗೆ 110 ಡಿಗ್ರಿ, ಹೆಕ್ಸಡೆಕೇನಿಗೆ 40ರ ಮೇಲೆ.

ಇದಕ್ಕೆ ದುಬಾರಿ ಉಪಕರಣ ಇಲ್ಲದವರು ನಾಲ್ಕು ಮೈಕ್ರೋಲೀಟರಿನ ಹನಿಯಿಟ್ಟು, ಮೊಬೈಲ್ ಕ್ಯಾಮೆರಾವನ್ನು ಗಾಜಿನ ಮಟ್ಟಕ್ಕೇ ಇಳಿಸಿ, ಮ್ಯಾಕ್ರೋ ಮಸೂರದಿಂದ ಪಕ್ಕದ ಚಿತ್ರ ತೆಗೆಯಬಹುದು. ಚಿಕ್ಕ ಹನಿ ಗೋಳದ ತುಂಡೇ ಆದ್ದರಿಂದ ಅರ್ಧ ಕೋನದ ಟ್ಯಾಂಜೆಂಟ್ ಎಂದರೆ ಹನಿಯ ಎತ್ತರವನ್ನು ಬುಡದ ಅರ್ಧ ಅಗಲದಿಂದ ಭಾಗಿಸಿದ್ದು. ಎತ್ತರ ಮತ್ತು ಅರ್ಧ ಅಗಲ ಸಮನಾಗಿದ್ದರೆ ಕೋನ 90. ಎತ್ತರ ಅರ್ಧ ಅಗಲದ 1.43 ಪಟ್ಟಿದ್ದರೆ 110. ಬುಡ ಎರಡು ಮಿಲಿಮೀಟರ್ ಅಗಲವಿದ್ದು ಹನಿ ಸುಮಾರು ಒಂದೂವರೆ ಮಿಲಿಮೀಟರ್ ಎದ್ದು ನಿಂತಿದ್ದರೆ ಪದರ ಚೆನ್ನಾಗಿದೆ. ಗಾಜಿನ ಐದಾರು ಕಡೆ ಅಳೆದು ನೋಡಬೇಕು. ಒಂದು ಹನಿಯ ಮಾತು ನಂಬುವಂಥದ್ದಲ್ಲ.

ಕೋನ 100ಕ್ಕಿಂತ ಕೆಳಗಿದ್ದರೆ ಪದರ ಅಪೂರ್ಣ ಎಂದರ್ಥ. 115 ದಾಟಿದರೆ ಸಂಭ್ರಮಪಡುವಂತಿಲ್ಲ, ಅಲ್ಲಿ ಉಂಡೆಗಳಿಂದ ಮೇಲ್ಮೈ ತರಿತರಿಯಾಗಿದೆ ಎಂದೇ ಲೆಕ್ಕ. ಕೆಸುವಿನೆಲೆ, ತಾವರೆಯೆಲೆಗಳ ಮೇಲೆ ನೀರಿನ ಕೋನ 150ರ ಆಚೆ ಹೋಗುವುದು ಮೇಣ ಮತ್ತು ತರಿ ಎರಡೂ ಸೇರಿದ್ದರಿಂದ. ಸಪಾಟಾದ ಗಾಜಿನ ಮೇಲೆ ಎಂಥ ಸಿಲೇನ್ ಕೂರಿಸಿದರೂ ಆ ಅಂಕಿ ಬರುವುದಿಲ್ಲ, ಬಂದರೆ ಅದು ಏಕಪದರವಲ್ಲ. ಸೌಲಭ್ಯವಿರುವ ಕಡೆ ಎಲಿಪ್ಸೊಮೀಟರಿನಲ್ಲಿ ದಪ್ಪ 2.5 ನ್ಯಾನೋಮೀಟರಿನ ಹತ್ತಿರ ಬರಬೇಕು. 4, 5 ಬಂದರೆ ಪದರದ ಮೇಲೆ ಪದರ ಕೂತಿದೆ. ಅವಕೆಂಪು ರೋಹಿತದಲ್ಲಿ ಸರಪಳಿಯ ಕಂಪನ ಸೆಂಟಿಮೀಟರಿಗೆ 2918 ಅಲೆಗಳ ಬಳಿ ಕಂಡರೆ ಬಾಲಗಳು ನೆಟ್ಟಗಿವೆ, 2924ರತ್ತ ಸರಿದಿದ್ದರೆ ಸೊಟ್ಟಗಿವೆ.

ಬೇರೆ ಬಾಲ, ಬೇರೆ ತಲೆ

ನೀರು ಕಂಡರೆ ಕ್ಲೋರೋಸಿಲೇನ್ ಭುಗಿಲೇಳುತ್ತದೆ, ಮೆಥಾಕ್ಸಿ ಸಿಲೇನ್ ತಾಳುತ್ತದೆ, ಎಥಾಕ್ಸಿ ಇನ್ನೂ ನಿಧಾನಿ. ಆಮ್ಲ ತಾಳದ ಮೇಲ್ಮೈಗೆ ಎಥಾಕ್ಸಿ ಒಗ್ಗುತ್ತದೆ. ಒಂದೇ ಬೆಸೆಯುವ ಗುಂಪಿರುವ ಸಿಲೇನ್‌ಗಳು ಉಂಡೆಗಟ್ಟಲಾರವು, ಎರಡೆರಡು ಅಣು ಜೋಡಿಯಾಗಿ ಸುಮ್ಮನಾಗುತ್ತವೆ. ಅವುಗಳ ಪದರ ಎಂದಿಗೂ ಒಂದೇ ಅಣು ದಪ್ಪ, ಆದರೆ ಅಷ್ಟು ಒತ್ತಾಗಿರುವುದಿಲ್ಲ. ಹೆಕ್ಸಾಮೀಥೈಲ್‌ಡೈಸಿಲಜೇನ್ ಆವಿಗೆ ಸಿಲಿಕಾನ್ ಬಿಲ್ಲೆ ಒಡ್ಡುವ ಚಿಪ್ ಕಾರ್ಖಾನೆಯ ವಾಡಿಕೆ ಈ ಬಗೆಯದು, ಹೊಸಬರಿಗೆ ನಿರಾಸೆ ಮಾಡದ ವಿಧಾನವೂ ಹೌದು.

ಜೀವರಸಾಯನದವರಿಗೆ ಬೇಕಾಗುವುದು ಅಮಿನೋಪ್ರೊಪೈಲ್‌ಟ್ರೈಎಥಾಕ್ಸಿಸಿಲೇನ್, ಆಪ್ಟೆಸ್ ಎಂದು ಕರೆಯುವಂಥದ್ದು. ಡಿಎನ್‌ಎ, ಕಿಣ್ವ, ಚಿನ್ನದ ನ್ಯಾನೋಕಣಗಳನ್ನು ಗಾಜಿಗೆ ಅಥವಾ ಅಭ್ರಕಕ್ಕೆ ಹಿಡಿಸಲು ಅದರ ಆಮೈನ್ ತುದಿ ಕೊಕ್ಕೆಯಾಗುತ್ತದೆ. ನಿಜವಾದ ಏಕಪದರ ಕಟ್ಟಲು ಮಾತ್ರ ಅದು ಬಲು ಹಟಮಾರಿ. ಬಾಲ ಚಿಕ್ಕದು, ಒತ್ತರಿಸಿ ನಿಲ್ಲುವ ಬಲವಿಲ್ಲ. ಆಮೈನ್ ತುದಿ ಹಿಂದಕ್ಕೆ ಬಾಗಿ ಗಾಜನ್ನೇ ಕಚ್ಚುತ್ತದೆ. ಸಾಲದ್ದಕ್ಕೆ ಬೆಸುಗೆಯನ್ನು ತಾನೇ ಚುರುಕುಗೊಳಿಸಿ ಗೊಂಚಲು ಬೆಳೆಸುತ್ತದೆ. ಏಕಪದರ ಸುಮಾರು 0.7 ನ್ಯಾನೋಮೀಟರ್ ಇರಬೇಕಾದಲ್ಲಿ ಹತ್ತಾರು ನ್ಯಾನೋಮೀಟರಿನ ರಾಳ ಕೂತಿರುವುದು ವಿರಳವಲ್ಲ. ನಿರ್ವಾತದ ಪಾತ್ರೆಯಲ್ಲಿ 70-90 ಡಿಗ್ರಿ ಬಿಸಿಯಲ್ಲಿ ಆವಿಯಿಂದ ಕೂರಿಸಿದರೆ ದ್ರಾವಣಕ್ಕಿಂತ ಉತ್ತಮ ಫಲ ಸಿಗುತ್ತದೆ, ಏಕೆಂದರೆ ಉಂಡೆಗಳು ಆವಿಯಾಗಲಾರವು. ಆಪ್ಟೆಸ್ ಪದರವನ್ನು ಬೆಚ್ಚಗಿನ ನೀರಿನಲ್ಲಿಟ್ಟರೆ ಕೆಲವು ಅಣುಗಳು ಬಿಟ್ಟುಹೋಗುತ್ತವೆ. ಅದನ್ನು ಕೂರಿಸಿದ ದಿನವೇ ಬಳಸಿಬಿಡುವುದು ಜಾಣತನ.

ಬಾಳಿಕೆ ಮತ್ತು ಬಿಡಿಸುವಿಕೆ

ಚೆನ್ನಾಗಿ ಕೂತ ಓಟಿಎಸ್ ಪದರ ಟಾಲ್ವೀನ್, ಎಥನಾಲ್, ಕುದಿನೀರಿನಂಥವಕ್ಕೆ ಸ್ವಲ್ಪ ಹೊತ್ತು ಜಗ್ಗುವುದಿಲ್ಲ. ದುರ್ಬಲ ಆಮ್ಲವನ್ನೂ ತಾಳಿಕೊಳ್ಳುತ್ತದೆ. ಅದರ ಶತ್ರು ಕ್ಷಾರ. ಪಿಎಚ್ 9 ದಾಟಿದರೆ ಸಿಲಿಕಾನ್-ಆಮ್ಲಜನಕದ ಸೇತುವೆಗಳು ಮುರಿಯತೊಡಗುತ್ತವೆ, ಅಡಿಯ ಗಾಜೇ ಕರಗತೊಡಗುತ್ತದೆ. ಇದೇ ಬೆಸುಗೆಯ ಮೇಲೆ ನಿಂತಿರುವ ಔಷಧ ಪರೀಕ್ಷೆಯ ಸಿ-18 ಕ್ರೊಮಟೋಗ್ರಫಿ ಕಾಲಂಗಳನ್ನು ಪಿಎಚ್ 2ರಿಂದ 8ರ ನಡುವೆ ಮಾತ್ರ ಬಳಸಿರಿ ಎಂದು ತಯಾರಕರು ಸಾಮಾನ್ಯವಾಗಿ ಸೂಚಿಸುವುದು ಇದಕ್ಕಾಗಿಯೇ. ಪದರ ಕೂರಿಸಿದ ಸ್ಲೈಡುಗಳನ್ನು ಮುಖ ಮುಟ್ಟದಂತೆ ಸ್ವಚ್ಛ ಡಬ್ಬಿಯಲ್ಲಿಟ್ಟರೆ ವಾರಗಳ ಕಾಲ ಕೋನ ಬದಲಾಗುವುದಿಲ್ಲ. ಧೂಳು ಕೂತು ಕಡಿಮೆಯಾದರೆ ಎಥನಾಲಿನಲ್ಲಿ ತೊಳೆದರೆ ಮರಳುತ್ತದೆ.

ಪದರ ಬೇಡವೆನಿಸಿದಾಗ ಅತಿನೇರಳೆ-ಓಜೋನ್ ಪೆಟ್ಟಿಗೆಯಲ್ಲಿ ಅಥವಾ ಆಮ್ಲಜನಕ ಪ್ಲಾಸ್ಮಾದಲ್ಲಿ ಇಟ್ಟರೆ ಬಾಲಗಳು ಉರಿದುಹೋಗುತ್ತವೆ. ತಲೆಯ ಸಿಲಿಕಾನ್ ಮಾತ್ರ ಆಕ್ಸೈಡಾಗಿ ಗಾಜಿನ ಮೇಲೆಯೇ ಉಳಿಯುತ್ತದೆ, ಅದರ ಮೈತುಂಬ ಹೊಸ ಹೈಡ್ರಾಕ್ಸಿಲ್‌ಗಳಿರುತ್ತವೆ. ಅದೇ ಸ್ಲೈಡನ್ನು ಮತ್ತೆ ಅದ್ದಬಹುದು.